ನಾಲ್ಕನೇ ಕಿಟಕಿಯ ಪಟ್ಟಿ ಅಕ್ಕ

ಬೆಳಗಿನ ಐದೂಮುಕ್ಕಾಲು. ನ್ಯಾಯಾಲಯದ ಹಿಂಬಾಗಿಲು ತೆರೆದುಕೊಳ್ಳುತ್ತದೆ. ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಪ್ರಿಂಟರಿನ ಬಿಸಿ ಇನ್ನೂ ಆರದ ಮೂರು ಹಾಳೆ ಹಿಡಿದು ಒಬ್ಬ ಹೆಂಗಸು ಹೊರಬರುತ್ತಾರೆ. ಗೋಡೆಯ ಮೇಲಿನ ಗಾಜಿನ ಫಲಕದ ಬೀಗ ತೆಗೆದು, ನಿನ್ನೆಯ ಹಾಳೆಗಳನ್ನು ಬಿಡಿಸಿ, ಇಂದಿನವನ್ನು ಚುಚ್ಚುತ್ತಾರೆ. ಮೇಲೆ ಬೇಕಾದಷ್ಟು ಜಾಗವಿದ್ದರೂ ಎದೆಯ ಮಟ್ಟಕ್ಕೇ ಚುಚ್ಚುತ್ತಾರೆ.

"ಎತ್ತರದಲ್ಲಿ ಹಾಕಿದ್ರೆ ಕತ್ತೆತ್ತಿ ಓದ್ಬೇಕು. ರಾತ್ರಿಯೆಲ್ಲಾ ನಿದ್ದೆ ಇಲ್ದೆ ಬಂದೋರಿಗೆ ಕತ್ತೆತ್ತೋಕೂ ತ್ರಾಣ ಇರಲ್ಲ" ಎನ್ನುತ್ತಾರೆ, ಕೊನೆಯ ಪಿನ್ನು ಬಾಯಿಂದ ಕೈಗೆ ಬಂದ ಮೇಲೆ.

ಅದು ಕಳೆದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಗರದ ಹನ್ನೊಂದು ಠಾಣೆಗಳಲ್ಲಿ ದಸ್ತಗಿರಿಯಾದವರ ಪಟ್ಟಿ. ಹೆಸರು, ತಂದೆಯ ಹೆಸರು, ವಯಸ್ಸು, ಠಾಣೆ, ಆರೋಪ, ಯಾವ ಕೋರ್ಟಿನ ಮುಂದೆ ಎಷ್ಟು ಗಂಟೆಗೆ ಹಾಜರು ಎಂದು ಆರು ಕಾಲಂ. ಇಂದು ನಲವತ್ತೇಳು ಹೆಸರುಗಳಿವೆ. ಯಾರು ಬೇಕಾದರೂ ಓದಬಹುದು, ಯಾಕೆ ಓದುತ್ತೀರಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೇ ಇಂಥದೊಂದು ಪಟ್ಟಿ ದಿನಾ ಹೊರಬೀಳುತ್ತದೆಂದು ತಿಳಿದಿರಲಿಲ್ಲ. ಸುಮ್ಮನೆ ಕಣ್ಣಾಡಿಸುತ್ತಾ ನನ್ನ ಹೆಸರಿದೆಯೇ ಎಂದು ನೋಡಿಬಿಟ್ಟೆ. ಅವರು ನಕ್ಕರು. "ಮೊದಲ್ನೇ ಸಲ ಬಂದೋರೆಲ್ಲಾ ಅದನ್ನೇ ಮಾಡ್ತಾರೆ. ಜಡ್ಜ್ ಮೇಡಮ್ಮೂ ಒಂದ್ಸಲ ಮಾಡಿದ್ರು."

ಇವರ ಹುದ್ದೆಯ ಹೆಸರು ಅಭಿಲೇಖಾಲಯದ ಸಹಾಯಕಿ. ಆ ಹೆಸರನ್ನು ಸಂಬಳದ ಚೀಟಿ ಬಿಟ್ಟರೆ ಇನ್ಯಾರೂ ಬಳಸುವುದಿಲ್ಲ. ವಕೀಲರಿಂದ ಹಿಡಿದು ಟೀ ಮಾರುವವನವರೆಗೆ ಎಲ್ಲರಿಗೂ ಇವರು 'ಪಟ್ಟಿ ಅಕ್ಕ'. ಹೊರಗೆ ಪಟ್ಟಿ ಚುಚ್ಚಿದ ಮೇಲೆ ಒಳಗೆ ನಾಲ್ಕನೇ ಕಿಟಕಿಯಲ್ಲಿ ಕೂರುತ್ತಾರೆ. ದಿನಕ್ಕೆ ಸುಮಾರು ಎಪ್ಪತ್ತು ಮಂದಿ ಬರುತ್ತಾರೆ. ಯಾರನ್ನು ಹಿಡಿದಿದ್ದಾರೆ, ಯಾರ ಮೇಲೆ ವಾರಂಟ್ ಇದೆ, ಹಳೆಯ ಕೇಸು ಏನಾಯಿತು ಎಂಬ ಮೂರು ಪ್ರಶ್ನೆಗಳನ್ನೇ ಎಪ್ಪತ್ತು ಬಗೆಯಲ್ಲಿ ಕೇಳುತ್ತಾರೆ.

"ತನಗೇ ಅಂತ ಬರೋರು ಬಹಳ ಕಮ್ಮಿ" ಎನ್ನುತ್ತಾರೆ ಪಟ್ಟಿ ಅಕ್ಕ. "ಎಲ್ಲರೂ ಸ್ನೇಹಿತನಿಗೋಸ್ಕರ ಬರ್ತಾರೆ. ಆ ಸ್ನೇಹಿತನ ಹುಟ್ಟಿದ ತಾರೀಕು, ಅಮ್ಮನ ಹೆಸರು ಎಲ್ಲಾ ಪಟಪಟ ಅಂತ ಹೇಳ್ತಾರೆ. ನಾನೂ ಏನೂ ಗೊತ್ತಿಲ್ದೋರ ಥರ ನಿಮ್ ಸ್ನೇಹಿತರಿಗೆ ಹೀಗೀಗೆ ಹೇಳಿ ಅಂತೀನಿ." ಮಗಳಿಗೆ ಗಂಡು ನೋಡುತ್ತಿರುವವರು ಬರುತ್ತಾರೆ. ಮನೆ ಬಾಡಿಗೆಗೆ ಕೊಡುವವರು ಬರುತ್ತಾರೆ. ಅಂಥವರಿಗೆ ಇವರ ಮೊದಲ ಮಾತು ಒಂದೇ. "ಹಿಡಿದಿದ್ದಾರೆ ಅಂದ್ರೆ ಆರೋಪ ಬಂದಿದೆ ಅಂತ ಅರ್ಥ. ತಪ್ಪು ಮಾಡಿದ್ದಾನೆ ಅಂತ ಅಲ್ಲ. ಕೇಸು ಏನಾಯ್ತು ಅಂತ ಪೂರ್ತಿ ಓದಿ, ಆಮೇಲೆ ಬೇಡ ಅನ್ನಿ."

ಹುಡುಕುವ ದಾರಿ ಕೇಳಿದರೆ ಬೆರಳು ಮಡಚಿ ವಿವರಿಸುತ್ತಾರೆ. ನಿನ್ನೆ ಮೊನ್ನೆಯ ದಸ್ತಗಿರಿಯಾದರೆ ಹೊರಗಿನ ಫಲಕ ಸಾಕು. ಒಂಬತ್ತು ವರ್ಷದಿಂದೀಚಿನದು ಮೊಗಸಾಲೆಯ ಕಂಪ್ಯೂಟರಿನಲ್ಲಿದೆ, ಹೆಸರೋ ಕೇಸಿನ ನಂಬರೋ ಒತ್ತಿದರೆ ಬರುತ್ತದೆ. ಅದಕ್ಕೂ ಹಿಂದಿನದಕ್ಕೆ ನಾಲ್ಕನೇ ಕಿಟಕಿಗೆ ಅರ್ಜಿ ಕೊಡಬೇಕು. ಇವರು ಒಳಗೆ ಹೋಗಿ ರಿಜಿಸ್ಟರ್ ತೆಗೆಯುತ್ತಾರೆ. ಮಕ್ಕಳ ಹೆಸರು ಯಾವತ್ತೂ ಹೊರಗೆ ಬರುವುದಿಲ್ಲ. ಮನೆ ಶೋಧಿಸುವ ವಾರಂಟು ಶೋಧ ಮುಗಿಯುವವರೆಗೆ ಲಕೋಟೆಯೊಳಗೇ ಇರುತ್ತದೆ. ಉಳಿದದ್ದೆಲ್ಲ ಸಾರ್ವಜನಿಕರದ್ದು.

"ಕಷ್ಟ ಇರೋದು ದಾರೀಲಲ್ಲ, ಹೆಸರಲ್ಲಿ. ಒಬ್ಬ ಪೊಲೀಸಪ್ಪ ದೀರ್ಘ ಎಳೀತಾನೆ, ಇನ್ನೊಬ್ಬ ಒತ್ತಕ್ಷರ ನುಂಗ್ತಾನೆ. ಮಹಾಪ್ರಾಣ ಬರೆಯೋ ಅಭ್ಯಾಸ ಅಂತೂ ಯಾರಿಗೂ ಇಲ್ಲ. ಕಂಪ್ಯೂಟರಿಗೆ ಒಂದು ಕೊಂಬು ಬಿಟ್ಟೋದ್ರೂ ಮನುಷ್ಯನೇ ಬೇರೆ."

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವರು ಈ ಕಟ್ಟಡಕ್ಕೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಹತ್ತನೇ ತರಗತಿಗೆ ಓದು ನಿಂತಿತ್ತು. ಗಂಡನದು ಸೈಕಲ್ ರಿಪೇರಿ ಅಂಗಡಿ, ತೊಡೆಯ ಮೇಲೆ ಎಂಟು ತಿಂಗಳ ಮಗಳು. ರೆಕಾರ್ಡ್ ರೂಮಿನಲ್ಲಿ ಗುಡಿಸುವಾಗ ನೆಲಕ್ಕೆ ಬಿದ್ದ ರಿಜಿಸ್ಟರುಗಳನ್ನು ಎತ್ತಿ ಅದದರ ಜಾಗಕ್ಕೇ ಇಡುತ್ತಿದ್ದರು. ಅಲ್ಲಿನ ಹಳೆಯ ಗುಮಾಸ್ತರು ಅದನ್ನು ಗಮನಿಸಿದರು. "ಅಮ್ಮಾ, ನಿಂಗೆ ಓದೋಕೆ ಬರುತ್ತೆ ಅಂತ ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರಂತೆ. ಇವರ ಉತ್ತರ: "ನೀವು ಯಾಕ್ ಕೇಳ್ಲಿಲ್ಲ?" ಆ ಉತ್ತರ ಗುಮಾಸ್ತರಿಗೆ ಹಿಡಿಸಿತು. ಪೊರಕೆ ಕೆಳಗಿಳಿಯಲು ಆರು ವರ್ಷ ಹಿಡಿಯಿತು. ಪರೀಕ್ಷೆ ಕಟ್ಟಿಸಿದವರು ಆ ಗುಮಾಸ್ತರೇ.

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆಯಿಲ್ಲ. ಎಂಬತ್ತೊಂದು ವರ್ಷದ ಅತ್ತೆ ನನ್ನೆದುರೇ ಹೇಳಿದರು: "ಊರ್ನಲ್ಲಿರೋ ಕಳ್ಳರ ಹೆಸ್ರೆಲ್ಲಾ ನಮ್ ಸೊಸೆಗೆ ಬಾಯಿಪಾಠ. ಮನೆ ಬೀಗದ ಕೈ ಎಲ್ಲಿಟ್ಟೆ ಅಂದ್ರೆ ಮಾತ್ರ ಬೆಪ್ಪು ಹಿಡಿದೋರ ಥರ ನಿಂತ್ಕೋತಾಳೆ." ಆಗಲೂ ಸೊಸೆ ಬೀಗದ ಕೈಯನ್ನೇ ಹುಡುಕುತ್ತಿದ್ದರು.

ಹನ್ನೆರಡು ವರ್ಷದ ಹಿಂದಿನ ಒಂದು ದಿನದ ಬಗ್ಗೆ ಹೇಳುವಾಗ ಅವರ ದನಿ ತಗ್ಗುತ್ತದೆ. ಗೋಡೆಗೆ ಬಣ್ಣ ಬಳಿಯುವ ಒಬ್ಬಾತ ಕಿಟಕಿಗೆ ಬಂದು, ಹಳೆಯ ಜಗಳದ ಕೇಸೊಂದಿತ್ತು, ನನ್ನ ಮೇಲೆ ವಾರಂಟ್ ಏನಾದರೂ ಇದೆಯಾ ನೋಡಿ ಎಂದ. ಸಾಲು ಉದ್ದವಿತ್ತು. ಇವರು ಒಂದೇ ಕಾಗುಣಿತದಲ್ಲಿ ಹುಡುಕಿ, "ಏನೂ ಇಲ್ಲ, ಆರಾಮಾಗಿ ಹೋಗಿ" ಎಂದರು. ಮೂರು ವಾರದ ನಂತರ ಶಾಲೆಯ ಗೇಟಿನ ಮುಂದೆ, ಇಬ್ಬರು ಮಕ್ಕಳೆದುರು ಅವನನ್ನು ಹಿಡಿದರು. ವಾರಂಟ್ ಇತ್ತು, ಹೆಸರಿನ ನಡುವೆ ಒಂದು ಒತ್ತಕ್ಷರ ಹೆಚ್ಚಾಗಿತ್ತು, ಅಷ್ಟೇ. ಮೊದಲೇ ತಿಳಿದಿದ್ದರೆ ವಕೀಲರ ಜೊತೆ ತಾನಾಗಿ ಹಾಜರಾಗಿ ಒಂದು ಗಂಟೆಯಲ್ಲಿ ರದ್ದು ಮಾಡಿಸಿಕೊಳ್ಳುತ್ತಿದ್ದ. ನಾಲ್ಕು ದಿನ ಒಳಗಿದ್ದ.

"ಬಿಡುಗಡೆ ಆದ್ಮೇಲೆ ಇಲ್ಲಿಗೇ ಬಂದ. ಬೈತಾನೆ ಅಂದ್ಕೊಂಡೆ, ಬೈಸ್ಕೊಳ್ಳೋಕೆ ರೆಡಿಯಾಗಿದ್ದೆ. ಬೈಲಿಲ್ಲ. ಅಕ್ಕಾ, ಇನ್ನೊಂದ್ಸಲ ನೋಡಿ, ಈಗ್ಲಾದ್ರೂ ಏನೂ ಇಲ್ವಾ ಅಂದ." ಕೊನೆಗೆ ಹೇಳುತ್ತಾರೆ, "ಆವತ್ತಿಂದ 'ಏನೂ ಇಲ್ಲ' ಅನ್ನೋ ಮಾತು ನನ್ ಬಾಯಿಂದ ಸುಲಭಕ್ಕೆ ಬರಲ್ಲ."

ಆ ದಿನದಿಂದ ಅವರು ಒಂದು ನೋಟುಪುಸ್ತಕ ಬರೆಯತೊಡಗಿದರು. ಒಂದೊಂದು ಹೆಸರನ್ನು ಠಾಣೆಗಳು ಎಷ್ಟೆಷ್ಟು ರೀತಿ ಬರೆಯುತ್ತವೆ ಎಂಬ ಲೆಕ್ಕ ಅದರಲ್ಲಿದೆ. ಒಂದು ಸಾಮಾನ್ಯ ಹೆಸರಿಗೆ ಹದಿನೇಳು ರೂಪ ಸಿಕ್ಕಿದೆ. ಈಗ ನಡೆಯುತ್ತಿರುವುದು ಐದನೇ ಪುಸ್ತಕ.

ಹೀಗೆ ಪಳಗಿದ ಕಣ್ಣಿನ ಉಪಯೋಗ ನಾನು ಅಲ್ಲಿದ್ದ ದಿನವೇ ಗೊತ್ತಾಯಿತು.

ಎಂಟೂವರೆಗೆ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬರು ಕಿಟಕಿಗೆ ಬಂದರು. ಲಿಫ್ಟ್ ಮೆಕ್ಯಾನಿಕ್ ಆದ ಗಂಡ ಹಿಂದಿನ ದಿನ ಕೆಲಸಕ್ಕೆ ಹೋದವರು ಮನೆಗೆ ಬಂದಿಲ್ಲ. ಫೋನು ಬಂದ್. ಎರಡು ಆಸ್ಪತ್ರೆ, ಎರಡು ಠಾಣೆ ತಿರುಗಿಯಾಗಿತ್ತು. ಹೊರಗಿನ ಪಟ್ಟಿಯನ್ನು ಮೂರು ಸಲ ಓದಿದ್ದರು.

"ಹೆಸರಿಲ್ಲ ಅಕ್ಕ. ಇಲ್ಲ ಅಂದ್ರೆ ಒಳ್ಳೇದೋ ಕೆಟ್ಟದ್ದೋ ಅದೂ ಗೊತ್ತಾಗ್ತಿಲ್ಲ."

"ನಿಧಾನಕ್ಕೆ ಹೇಳಮ್ಮ. ಅವರ ಹೆಸರು? ಮಾವನೋರ ಹೆಸರು? ವಯಸ್ಸು?"

ಎರಡು ಹೆಸರನ್ನೂ ಹೇಳಿ, "ವಯಸ್ಸು ನಲವತ್ತೆರಡು" ಎಂದರು.

ಪಟ್ಟಿ ಅಕ್ಕ ತಮ್ಮ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಹೆಸರಿನ ಕಾಲಂ ಬಿಟ್ಟು ತಂದೆಯ ಹೆಸರಿನ ಕಾಲಮ್ಮಿನ ಮೇಲೆ ಬೆರಳಿಳಿಸಿದರು. ಮೂವತ್ತೊಂದನೇ ಸಾಲಿನಲ್ಲಿ ಬೆರಳು ನಿಂತಿತು. ಅಪ್ಪನ ಹೆಸರಿನ ಜಾಗದಲ್ಲಿ ಮಗ, ಮಗನ ಜಾಗದಲ್ಲಿ ಅಪ್ಪ. ಬರೆದವರು ಅದಲುಬದಲು ಮಾಡಿದ್ದರು. ಡಿಪೋ ಪಕ್ಕದ ಠಾಣೆ. ವಯಸ್ಸು ನಲವತ್ತೆರಡು. ಹಳೆಯ ಕಳವಿನ ಕೇಸೊಂದರ ವಾರಂಟ್ ಮೇಲೆ ದಸ್ತಗಿರಿ.

"ಇದ್ದಾರಮ್ಮ. ಜೀವಕ್ಕೇನೂ ಆಗಿಲ್ಲ. ಹಿಡಿದಿದ್ದಾರೆ."

ಆ ಹೆಂಗಸು ಮೊದಲು ಉಸಿರು ಬಿಟ್ಟರು. ಆಮೇಲೆ ಅಳು ಬಂತು. "ಕಳವಾ? ದಾರೀಲಿ ಸಿಕ್ಕ ಪರ್ಸು ಕೂಡ ಕೊಟ್ಟು ಬರೋ ಮನುಷ್ಯ ಅಕ್ಕ ಅವರು!"

ಪಟ್ಟಿ ಅಕ್ಕ ವಾದಕ್ಕೆ ಹೋಗಲಿಲ್ಲ. ಎಲ್ಲ ಹೆಂಡಂದಿರೂ ಅದನ್ನೇ ಹೇಳುತ್ತಾರೆಂದು ಅವರಿಗೆ ಗೊತ್ತು. ಆದರೆ ವಾರಂಟಿನ ನಂಬರು ಬರೆದುಕೊಂಡು ಒಳಗೆ ಹೋದರು, ಹಿಂದೆ ನಾನೂ ಹೋದೆ. ರೆಕಾರ್ಡ್ ರೂಮಿನಲ್ಲಿ ಸಾವಿರದ ನೂರ ನಲವತ್ತು ರಿಜಿಸ್ಟರುಗಳಿವೆ. ಏಣಿ ಹತ್ತಿ ಕೆಂಪು ಬಟ್ಟೆಯ ಬೆನ್ನಿನದೊಂದನ್ನು ಇಳಿಸಿದರು. ಧೂಳು ಕೊಡವಿ, ಪುಟ ತೆಗೆದು, ಹೆಸರು ನೋಡಿದರು. ಅದೇ ಹೆಸರು, ಅದೇ ತಂದೆಯ ಹೆಸರು, ವಯಸ್ಸು ನಲವತ್ತೆರಡು. ನನಗೆ ಅಲ್ಲಿಗೆ ಕಥೆ ಮುಗಿದಂತೆ ಅನ್ನಿಸಿತು.

ಅವರು ಪುಟ ಮುಚ್ಚಲಿಲ್ಲ. ಬೆರಳು ಅಂಚಿಗೆ ಸರಿಯಿತು. "ತಾರೀಕು ನೋಡಿ" ಎಂದರು.

ವಾರಂಟ್ ಹೊರಟದ್ದು ಹತ್ತೊಂಬತ್ತು ವರ್ಷದ ಹಿಂದೆ. ಆಗಲೇ ಆರೋಪಿಗೆ ನಲವತ್ತೆರಡು. ಎಂದರೆ ಬೇಕಾಗಿದ್ದ ಮನುಷ್ಯನಿಗೆ ಈಗ ಅರವತ್ತೊಂದು. ಈ ಮೆಕ್ಯಾನಿಕ್‌ಗೆ ಆಗ ಇಪ್ಪತ್ಮೂರು.

"ಎತ್ತಿಗೆ ಜ್ವರ, ಎಮ್ಮೆಗೆ ಬರೆ" ಎಂದು ಗೊಣಗಿಕೊಂಡು ಪಟ್ಟಿ ಅಕ್ಕ ಏಣಿಯನ್ನು ಗೋಡೆಗೆ ಒರಗಿಸಿದರು. ಆ ಪುಟದ ದೃಢೀಕೃತ ನಕಲು ಸಿದ್ಧವಾಗಲು ಸಾಮಾನ್ಯವಾಗಿ ಎರಡು ದಿನ ಬೇಕು. ಅವರು ನೇರ ಮೇಲಧಿಕಾರಿಯ ಮೇಜಿಗೆ ಹೋದರು. ರಿಜಿಸ್ಟರ್ ತೆರೆದಿಟ್ಟು, ಇಂದಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು, ತಾರೀಕಿನ ಮೇಲೆ ಬೆರಳಿಟ್ಟರು. ಅಧಿಕಾರಿ ಎರಡನ್ನೂ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಮೊಹರು ಒತ್ತಿದರು.

ಕಿಟಕಿಗೆ ವಾಪಸ್ ಬಂದು ಹೆಂಗಸಿನ ಕೈಗೆ ಕಾಗದ ಕೊಟ್ಟರು. "ಇವರು ಅವರಲ್ಲ ಅಂತ ನಾನು ಹೇಳೋ ಹಾಗಿಲ್ಲ, ಅದನ್ನ ಜಡ್ಜ್ ಮೇಡಮ್ಮೇ ಹೇಳ್ಬೇಕು. ಕಾಗದದಲ್ಲಿ ಏನಿದೆ ಅಂತಷ್ಟೇ ನಾನು ಹೇಳ್ಬಹುದು. ಮೊದಲ್ನೇ ಮಹಡೀಲಿ ಉಚಿತ ಕಾನೂನು ನೆರವಿನ ರೂಮಿದೆ. ಅಲ್ಲಿರೋ ವಕೀಲರಿಗೆ ಈ ತಾರೀಕು ತೋರಿಸಿ. ಮನೆಗೆ ಹೋಗಿ ಗಂಡನ ಹುಟ್ಟಿದ ದಾಖಲೆ ತನ್ನಿ. ಎರಡೂವರೆಗೆ ಹಾಜರು ಮಾಡ್ತಾರೆ, ಅಷ್ಟರೊಳಗೆ ಬಂದ್ಬಿಡಿ."

ಆಮೇಲೆ ಮುಂದಿನವರನ್ನು ಕರೆದರು. ಮಧ್ಯಾಹ್ನದವರೆಗೆ ಮೂವತ್ತೆಂಟು ಮಂದಿ. ಡಬ್ಬಿಯ ಊಟ ಮೂರು ಕಂತಿನಲ್ಲಿ ಮುಗಿಯಿತು. ಎರಡೂವರೆಯಾದ ಮೇಲೆ ಮಾತ್ರ ಗಡಿಯಾರದ ಕಡೆ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. ಒಬ್ಬರ ಅರ್ಜಿಯನ್ನು ಎರಡು ಸಲ ಕೇಳಿದರು.

ಮೂರೂ ಮುಕ್ಕಾಲಿಗೆ ಗಂಡ ಹೆಂಡತಿ ಇಬ್ಬರೂ ಕಿಟಕಿಗೆ ಬಂದರು. ಮೆಕ್ಯಾನಿಕ್ ಎರಡು ದಿನದ ಗಡ್ಡ ಸವರಿಕೊಳ್ಳುತ್ತಾ ನಡೆದದ್ದನ್ನು ಹೇಳಿದರು. ಬಸ್ಸಿನಲ್ಲಿ ಫೋನು ಕಳೆದುಹೋಗಿತ್ತು. ದೂರು ಕೊಡಲು ತಾವೇ ಠಾಣೆಗೆ ಹೋದರು. ಹೆಸರು ಒತ್ತುತ್ತಿದ್ದಂತೆ ಕಂಪ್ಯೂಟರಿನಲ್ಲಿ ವಾರಂಟ್ ಮೂಡಿತು, ವಯಸ್ಸೂ ಹೊಂದಿತು. ಮನೆಗೆ ಫೋನ್ ಮಾಡಿ ಎಂದು ಪೊಲೀಸರೇನೋ ಫೋನ್ ಕೊಟ್ಟರು. "ಹೆಂಡತಿ ನಂಬರ್ ಬಾಯಿಗೆ ಬರ್ಲಿಲ್ಲ ಅಕ್ಕ. ಅದಿದ್ದಿದ್ದು ಕಳೆದೋದ ಫೋನಲ್ಲೇ."

"ಹದಿನಾರು ವರ್ಷ ಸಂಸಾರ ಮಾಡಿದ್ದೀನಿ" ಎಂದರು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಲೇ. "ಇವತ್ತು ರಾತ್ರಿ ನೂರು ಸಲ ಬರೆಸ್ತೀನಿ."

ಪಟ್ಟಿ ಅಕ್ಕ ನಕ್ಕರೂ ಕೆಲಸ ಮರೆಯಲಿಲ್ಲ. "ಬಿಡುಗಡೆ ಆದೇಶದ ನಕಲು ಯಾವಾಗ್ಲೂ ಜೊತೇಲಿ ಇಟ್ಕೊಳ್ಳಿ. ಆ ವಾರಂಟ್ ರದ್ದಾಗಿಲ್ಲ. ಅದು ನಿಮ್ಮದಲ್ಲ ಅಂತಷ್ಟೇ ತೀರ್ಮಾನ ಆಗಿರೋದು. ನಾಳೆ ಇನ್ನೊಂದು ಠಾಣೆ ಕಂಪ್ಯೂಟರಿಗೆ ಇದೆಲ್ಲಾ ಗೊತ್ತಿರಲ್ಲ."

ಮೆಕ್ಯಾನಿಕ್ ತಲೆಯಾಡಿಸಿದರು. ಹೊರಟವರು ಎರಡು ಹೆಜ್ಜೆ ಹಿಂದೆ ಬಂದು, "ಅಕ್ಕಾ, ನಿಮ್ ಕಟ್ಟಡದ ಲಿಫ್ಟು ಎರಡನೇ ಮಹಡೀಲಿ ಕಿರುಗುಟ್ತಿದೆ. ಯಾರಿಗಾದ್ರೂ ಹೇಳಿ ನೋಡಿಸಿ, ಉದಾಸೀನ ಮಾಡ್ಬೇಡಿ" ಎಂದರು.

ಅವರು ಹೋದ ಮೇಲೆ ಪಟ್ಟಿ ಅಕ್ಕ ನೋಟುಪುಸ್ತಕದಲ್ಲಿ ಒಂದು ಸಾಲು ಬರೆದರು: ಅಪ್ಪ ಮಗ ಅದಲುಬದಲು, ಡಿಪೋ ಠಾಣೆ. ನಾನು ಹೊಗಳಲು ಬಾಯಿ ತೆರೆದಾಗ ತಡೆದರು. "ನಾನು ಬಿಡಿಸ್ಲಿಲ್ಲ, ತಾರೀಕು ಓದ್ದೆ. ಹೊರಗಿನ ಕಾಗದದಲ್ಲೂ ಆ ತಾರೀಕು ಇದ್ದಿದ್ರೆ ಆ ಹೆಣ್ಮಗಳು ತಾನೇ ಓದ್ಕೊಳ್ತಿದ್ಲು."

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಐದು ನೋಟುಪುಸ್ತಕಗಳನ್ನೂ ಕಂಪ್ಯೂಟರ್ ವಿಭಾಗದವರಿಗೆ ಒಪ್ಪಿಸುವ ಮಾತಾಗಿದೆ. ಹೊಸದಾಗಿ ಬಂದ ಎಂಜಿನಿಯರ್ ಹೆಣ್ಣುಮಗಳು ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕೂತು ಒಂದೊಂದೇ ಪುಟ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಇಷ್ಟು ವರ್ಷ ದುಡಿದಿದ್ದೀರಿ, ಇಲಾಖೆಯಿಂದ ನಿಮಗೇನು ಬೇಕು ಎಂದು ಕೇಳಿದೆ. ಸನ್ಮಾನ, ಬಡ್ತಿ, ಇಂಥದ್ದೇನಾದರೂ ಹೇಳುತ್ತಾರೆಂದುಕೊಂಡಿದ್ದೆ.

ಕಿಟಕಿಯ ಕಂಬಿಯಾಚೆ ಕೈ ಚಾಚಿ ಬರಿಯ ನೆಲ ತೋರಿಸಿದರು. "ಇಲ್ಲಿ ಎರಡು ಕುರ್ಚಿ ಹಾಕ್ಸಿ ಅಂತ ಏಳು ಅರ್ಜಿ ಕೊಟ್ಟಿದ್ದೀನಿ. ಒಂದು ಬಂದೋರಿಗೆ, ಇನ್ನೊಂದು ಜೊತೇಲಿ ಬಂದೋರಿಗೆ. ನಾನಿಲ್ಲಿ ಹೇಳೋದು ನಿಂತ್ಕೊಂಡು ಕೇಳೋ ಸುದ್ದಿ ಅಲ್ಲ ನೋಡಿ."