ಬಾಯಿ ಬಿಡಿಸಿದ ಮಾತು

ಚಿತ್ರದುರ್ಗದ ಅನುಸೂಯಾ ಮದುವೆಯಾಗಿ ವಿಜಯವಾಡದ ಪಟಮಟಕ್ಕೆ ಬಂದು ಅರ್ಧ ಆಯುಷ್ಯವೇ ಕಳೆದಿತ್ತು. ಕನ್ನಡ ತವರಿನ ಫೋನಿಗಷ್ಟೇ ಉಳಿದಿತ್ತು. ಗಂಡ ದುರ್ಗಾಪ್ರಸಾದ್ ಪೊಲೀಸ್ ಇನ್‌ಸ್ಪೆಕ್ಟರ್. ಠಾಣೆಯಲ್ಲಿ ನಡೆದದ್ದನ್ನು ಅವನು ಮನೆಯಲ್ಲಿ ಹೇಳುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ.

ಗಂಡನನ್ನು ಬಿಟ್ಟು ಬಂದಿದ್ದ ಮಗಳು ಮತ್ತು ಮೊಮ್ಮಗಳು ನಿಕಿತಾ ಇವರ ಜೊತೆಗಿದ್ದರು. ನಿಕಿತಾಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದವನು ಆಟೋದ ಫಣಿ. ಒಂದು ಸಂಜೆ ಆಟೋ ಬಂತು, ಹುಡುಗಿ ಇರಲಿಲ್ಲ.

"ಫ್ರೆಂಡ್ ಮನೆಗೆ ಹೋಗ್ತೀನಿ ಅಂತ ದಾರೀಲೇ ಇಳಿದ್ಳಮ್ಮಾ. ನಿಮಗೆ ಹೇಳಿಬಿಡೋಣ ಅಂತ ಬಂದೆ."

ಯಾವ ಗೆಳತಿಯ ಮನೆಗೂ ಅವಳು ಹೋಗಿರಲಿಲ್ಲ. ಫಣಿಯನ್ನು ಠಾಣೆಗೆ ಒಯ್ದರು. ಸ್ವಲ್ಪ ಹೊತ್ತಿಗೆ ಗಂಡನ ಫೋನು ಬಂತು. "ಹೇಳಿದ್ದನ್ನೇ ಹೇಳ್ತಿದಾನೆ."

"ಏನು ಬೇಕಾದ್ರೂ ಮಾಡಿ, ಅವನ ಬಾಯಿ ಬಿಡಿಸಿ," ಅಂದಳು ಅನುಸೂಯಾ.

ಬಾಯಿ ಬಿಡಿಸಿದರು. ಊರಾಚೆಯ ಕೊಂಡಪಲ್ಲಿಯ ಮುಚ್ಚಿದ ಕಾರ್ಖಾನೆಯೊಂದರಲ್ಲಿ ಹುಡುಗಿ ಇದ್ದಾಳೆಂದ. ಬೆಳಗಾಗುವವರೆಗೆ ಪೊಲೀಸರೆಲ್ಲ ಅಲ್ಲೇ ಹುಡುಕಿದರು. ರೈಲು ನಿಲ್ದಾಣದ ಕಡೆ ಯಾರೂ ತಲೆ ಹಾಕಲಿಲ್ಲ.

ಬೆಳಿಗ್ಗೆ ವಿಶಾಖಪಟ್ಟಣದಿಂದ ಅಳಿಯ ಶ್ರೇಯಸ್ ಫೋನು ಮಾಡಿದ. ನಿಕಿತಾ ಒಬ್ಬಳೇ ರೈಲು ಹತ್ತಿ, ಋಷಿಕೊಂಡದ ಅವನ ಫ್ಲ್ಯಾಟಿನ ಬಾಗಿಲು ತಟ್ಟಿದ್ದಳು. ಅಪ್ಪನನ್ನು ನೋಡಬೇಕಿತ್ತಂತೆ, ಅಷ್ಟೇ.

ಮನೆಯಲ್ಲಿ ಎಲ್ಲರೂ ಸಮಾಧಾನದಿಂದ ಅತ್ತರು. ಫಣಿಯ ನೆನಪು ಯಾರಿಗೂ ಆಗಲಿಲ್ಲ. ಅವನನ್ನು ಮಧ್ಯಾಹ್ನ ಬಿಟ್ಟರು.

ಒಂದು ವಾರ ತಡೆದು ಅನುಸೂಯಾ ಹಣ್ಣು ಹಿಡಿದು ಅವನ ಮನೆಗೆ ಹೋದಳು. ಪಾದಗಳಿಗೆ ಪಟ್ಟಿ ಸುತ್ತಿಕೊಂಡು ಅವನು ಗೋಡೆಗೆ ಒರಗಿದ್ದ. ಬಲಗೈ ಬೆರಳು ಮಡಚಲು ಬರುತ್ತಿರಲಿಲ್ಲ.

"ಯಾಕಪ್ಪಾ ಸುಳ್ಳು ಹೇಳಿದೆ?"

"ನಿಜ ಮೊದಲೇ ಹೇಳಿದ್ನಲ್ಲಮ್ಮಾ. ಅದು ಅವರಿಗೆ ಬೇಡವಾಗಿತ್ತು. ಕೊಂಡಪಲ್ಲೀಲಿ ಇಟ್ಟಿದೀಯಾ ಅಂತ ಅವರೇ ಕೇಳಿದ್ರು, ಹೂಂ ಅಂದೆ. ಸಮುದ್ರದಲ್ಲಿ ಇಟ್ಟಿದೀಯಾ ಅಂದಿದ್ರೂ ಹೂಂ ಅಂತಿದ್ದೆ." ಹಣ್ಣಿನ ಚೀಲದ ಕಡೆ ನೋಡುತ್ತ ಅಂದ, "ಸಾಹೇಬ್ರು ಫೋನಿನ ಸ್ಪೀಕರ್ ಹಾಕಿದ್ರು. ನಿಮ್ಮ ಮಾತು ಕೇಳಿಸ್ತು."

ಅವನ ತಾಯಿ ಕೋಟೇಶ್ವರಮ್ಮ ಹಣ್ಣಿನ ಚೀಲ ಮುಟ್ಟಲಿಲ್ಲ. "ದೂರು ಕೊಟ್ಟಿದೀವಿ. ಅವತ್ತು ಫೋನಲ್ಲಿ ಆಡಿದ ಮಾತನ್ನ ವಿಚಾರಣೆಗೆ ಬಂದು ಹೇಳ್ತೀರಾ?"

"ಯೋಚನೆ ಮಾಡ್ತೀನಿ," ಎಂದು ಅನುಸೂಯಾ ಎದ್ದಳು.

ಊಟಕ್ಕೆ ಕೂತಾಗ ದುರ್ಗಾಪ್ರಸಾದ್ ಕೇಳಿದ, "ಅವನೇ ಎತ್ಕೊಂಡು ಹೋಗಿದ್ದು ನಿಜ ಆಗಿದ್ದಿದ್ರೆ? ಆಗ ನೀನೇ ನನಗೆ ಕೈ ಮುಗೀತಿದ್ದೆ."

ಮುಗಿಯುತ್ತಿದ್ದಳು. ಅದು ಗೊತ್ತಿದ್ದುದಕ್ಕೇ ತಟ್ಟೆ ಸರಿಸಿ ಎದ್ದಳು.

ವಿಚಾರಣೆಯ ದಿನ ಅವಳು ಹೋಗಲಿಲ್ಲ. ಗಂಡನ ನಿವೃತ್ತಿ ಹತ್ತಿರವಿತ್ತು. ಸಾಕ್ಷಿಯಿಲ್ಲದೆ ದೂರು ಬಿದ್ದುಹೋಯಿತು.

"ಫಣಿ ಅಂಕಲ್ ಯಾಕೆ ಬರ್ತಿಲ್ಲ ಅಮ್ಮಮ್ಮಾ?" ಎಂದು ನಿಕಿತಾ ಕೇಳಿದಾಗ, "ಊರು ಬಿಟ್ಟು ಹೋದ" ಅಂದಳು ಅನುಸೂಯಾ.

ಅವನು ಎರಡು ಬೀದಿ ಆಚೆಗೇ ಇದ್ದ.