ಅಪ್ಪನ ಹಿಮ್ಮಡಿಯ ಮುಳ್ಳು

ಕುರಿ ಕಾಯುತ್ತ ಬೆಳೆದ ನನ್ನಪ್ಪನ ಎಡ ಹಿಮ್ಮಡಿಯಲ್ಲಿ ಒಂದು ಜಾಲಿಮುಳ್ಳು ಮುರಿದು ಒಳಗೇ ಉಳಿದಿತ್ತು. ಪಿನ್ನು, ಚಿಮಟ, ಎಕ್ಕದ ಹಾಲು, ದೇವದುರ್ಗದ ಕಾಂಪೌಂಡರ್, ಯಾವುದಕ್ಕೂ ಅದು ಬಗ್ಗಲಿಲ್ಲ. ಆ ಕಾಲನ್ನು ಎಳೆದೇ ಹಾಕುತ್ತಿದ್ದ. ಚಪ್ಪಲಿ ಸದ್ದಿನಲ್ಲೇ ಬಂದವನು ಅಪ್ಪ ಎಂದು ಗೊತ್ತಾಗುತ್ತಿತ್ತು: ಒಂದು ಟಪ್, ಒಂದು ಜರ್ರ್.

ನಾನೇ ಹಟ ಹಿಡಿದು ಅವನನ್ನು ಮಾನ್ವಿಗೆ ಕರೆದೊಯ್ದೆ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೋಮಿಯೋಪತಿಯಂಥ ಬಯೋಕೆಮಿಕ್ ಗುಳಿಗೆ ಕೊಡುತ್ತಿದ್ದರು.

"ಇದು ಸಿಲಿಕಾ. ಕಲ್ಲು, ಉಸುಗಿನ ಸತ್ವ. ನಾಲಿಗಿ ಕೆಳಗ ಇಟ್ಕೋರಿ. ಒಳಗ ಹೊಕ್ಕಿದ್ದನ್ನ ಹೊರಗ ನೂಕ್ತದ" ಎಂದರು.

"ಉಸುಗು ತಿನ್ನಾಕ ಕೃಷ್ಣಾ ಹೊಳಿ ಬಿಟ್ಟು ಇಲ್ಲಿತನಕ ಬರಬೇಕಿತ್ತೇನ್ರಿ?" ಎಂದ ಅಪ್ಪ.

ನನಗೆ ನಗು, ಸಿಟ್ಟು ಎರಡೂ ಬಂದವು. ಆ ಗುಳಿಗೆಯ ಸೀಸೆ ಅರ್ಧವೂ ಮುಗಿದಿರಲಿಲ್ಲ, ಅಪ್ಪ ಎದೆನೋವು ಬಂದು ಹೋಗಿಬಿಟ್ಟ. ಮುಳ್ಳಿನ ಸಮೇತ ಮಣ್ಣು ಮಾಡಿದೆವು.

ಅವ್ವನನ್ನು ರಾಯಚೂರಿಗೆ, ನನ್ನ ಮನೆಗೆ ಕರೆತಂದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಸೆರಗಿನ ಗಂಟು ಬಿಚ್ಚಿ ನಾಲಿಗೆ ಕೆಳಗೆ ಏನೋ ಇಟ್ಟುಕೊಂಡಳು. ನೋಡಿದರೆ ಗಂಟಿನಲ್ಲಿ ಅಪ್ಪನ ಗುಳಿಗೆಯ ಸೀಸೆ.

"ನಿನಗ್ಯಾಕ ಬೇ ಅದು? ನಿನ್ನ ಕಾಲಾಗ ಏನದ?"

"ನನಗಲ್ಲ, ನಿಮ್ಮಪ್ಪಗ. ಮುಳ್ಳು ಇಟ್ಕೊಂಡು ಹೋದವರಿಗೆ ಆ ದಾರಿ ಸಾಗಂಗಿಲ್ಲ. ಕುಂಟ್ಕೋತ ತಿರುಗಿ ಬರಾಕತ್ತಾನ. ಅವನ ಪಾಲಿಂದು ನಾ ತಿಂದು ಮುಗಸ್ತೀನಿ."

ಗಂಡನ ಹೆಸರಿನಲ್ಲಿ ಸೋಮವಾರ ಉಪವಾಸ ಮಾಡಿದವಳು. ಅವಳಿಗೆ ಗುಳಿಗೆಯೂ ಹಾಗೆಯೇ. "ತಲಿ ಕೆಟ್ಟದೇನು ನಿನಗ" ಎಂದು ರೇಗಿದೆ. ಅವಳು ಸುಮ್ಮನೆ ಬಾಗಿಲತ್ತ ಕೈ ತೋರಿಸಿದಳು. ಮೆಟ್ಟಿಲ ಮೇಲೆ ಟಪ್. ಜರ್ರ್. ಟಪ್. ಜರ್ರ್. ಬಾಗಿಲು ತೆರೆದರೆ ಯಾರೂ ಇಲ್ಲ. ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

ಆಮೇಲೆ ದಿನವೂ ಅದೇ ಹೊತ್ತಿಗೆ ಆ ಸದ್ದು. ನಾನು ಅಂಜಿ ಟಿವಿ ಜೋರು ಮಾಡುತ್ತಿದ್ದೆ. ಅವ್ವ ಮಾತ್ರ ತಲೆ ಬಾಚಿಕೊಂಡು, ಗುಳಿಗೆ ಇಟ್ಟುಕೊಂಡು, ಬಾಗಿಲಿಗೆ ಮುಖ ಮಾಡಿ ಕೂಡುತ್ತಿದ್ದಳು.

ಸೀಸೆಯ ತಳ ಕಾಣುವ ಹೊತ್ತಿಗೆ ಅವಳ ಎಡ ಹಿಮ್ಮಡಿ ಬಾತು ಕೀವಾಯಿತು. ದವಾಖಾನೆಗೆಂದು ಆಟೊ ಕರೆಯುವಷ್ಟರಲ್ಲಿ ಒಡೆಯಿತು. ಹತ್ತಿಯಿಂದ ಒರೆಸುವಾಗ ನನ್ನ ಬೆರಳಿಗೆ ಏನೋ ಚುಚ್ಚಿತು. ಕಪ್ಪಗಾದ ಜಾಲಿಮುಳ್ಳು, ಬುಡ ಮುರಿದದ್ದು. ಅವ್ವನೂ ಹೊಲದಲ್ಲಿ ದುಡಿದವಳೇ, ಅವಳದೇ ಯಾವುದೋ ಹಳೆಯದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಕುಂಟಿದ್ದನ್ನು ನಾನೆಂದೂ ಕಂಡಿರಲಿಲ್ಲ.

ಅವ್ವ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. "ಅವಂದ. ಇನ್ನ ನೆಟ್ಟಗ ನಡೀತಾನ" ಎಂದಳು. ಬಹಳ ದಿನದ ಮೇಲೆ ಅಂದು ಹೊಟ್ಟೆ ತುಂಬ ರೊಟ್ಟಿ ಉಂಡಳು.

ಸಂಜೆ ದೀಪ ಹಚ್ಚಿದೆ. ಟಿವಿ ಹಚ್ಚಲಿಲ್ಲ. ಇಬ್ಬರೂ ಕಿವಿಗೊಟ್ಟು ಕೂತೆವು. ಮೆಟ್ಟಿಲ ಮೇಲೆ ಏನೂ ಇಲ್ಲ. ಮರುದಿನವೂ ಇಲ್ಲ. ಸದ್ದು ನಿಂತದ್ದಕ್ಕೆ ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವ್ವ ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಳು.

"ಮುಳ್ಳಿತ್ತಂತ ಬರ್ತಿದ್ದ" ಎಂದಳು ಒಂದು ದಿನ. "ನಾನ ಕಳಿಸಿಬಿಟ್ಟೆ."

ಅವಳು ಖಾಲಿ ಸೀಸೆಯನ್ನು ನನ್ನ ಕೈಯಲ್ಲಿಟ್ಟಳು.

"ಮಾನ್ವಿಗೆ ಹೋಗಿ ಸಾಹುಕಾರರನ್ನ ಕೇಳಿ ಬಾ. ಹೊರಗ ಹೋಗಿದ್ದನ್ನ ಒಳಗ ತರೋ ಗುಳಿಗಿ ಯಾವುದಾರ ಅದ ಏನಂತ."