ಹಿತ್ತಲ ಬಾಗಿಲಿನ ದೇವರು

ಕದದ ಕೀಲಿನಿಂದ ಜಾರಿದ ಎಣ್ಣೆ ಹೊಸ್ತಿಲ ಅಂಚಿನಲ್ಲಿ ಕಪ್ಪಗೆ ನಿಂತಿತ್ತು. ಕುಸುಬಿ ಎಣ್ಣೆ. ಕೊಪ್ಪಳದಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆಯ ಬಾಗಿಲು ಕಿರುಗುಟ್ಟುತ್ತದೆಂದು ಮನೆಯೊಡತಿ ಹಚ್ಚಿ ಹೋಗಿದ್ದರು. ಆ ವಾಸನೆ ತಾಳದೆ ಹಳೆ ಬಟ್ಟೆಯಿಂದ ಹೊಸ್ತಿಲನ್ನು ಒರೆಸಿದೆ. ಎಣ್ಣೆಯ ತಪ್ಪಲ್ಲ. ಕುಷ್ಟಗಿಯ ನಮ್ಮ ಓಣಿಯಲ್ಲಿದ್ದ ಉಪದೇಶಿಗಳ ಹೆಂಡತಿ ನೆನಪಾದಳು...

ಆ ಓಣಿಯಲ್ಲಿ ಕ್ರೈಸ್ತರೆಂದರೆ ಅವರು ಮತ್ತು ನಾವು, ಎರಡೇ ಮನೆ. ಸಭೆಗೆ ಬೋಧನೆ ಮಾಡುತ್ತಿದ್ದ ಆ ಉಪದೇಶಿಗಳಿಗೊಂದು ನಿಯಮವಿತ್ತು. ನಾಳೆಗೆಂದು ಮನೆಯಲ್ಲಿ ಹಿಡಿ ಕಾಳೂ ಉಳಿಯಬಾರದು. ಮಿಷನ್ನಿನಿಂದ ಬಂದ ಜೋಳವನ್ನು ಬಂದ ದಿನವೇ ಬಡವರಿಗೆ ಹಂಚಿಬಿಡುವರು. ಬೆಳಿಗ್ಗೆ ತಾವೇ ಒಲೆ ಹೊತ್ತಿಸಿ, ಬರಿ ಎಸರಿಟ್ಟು, ದೇವರು ಕೊಡುತ್ತಾನೆಂದು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂಡುವರು. ಕಣ್ಣು ತೆರೆಯುವಷ್ಟರಲ್ಲಿ ಎಸರಿನಲ್ಲಿ ನುಚ್ಚು ಕುದಿಯುತ್ತಿರುತ್ತಿತ್ತು. ಭಾನುವಾರದ ಆರಾಧನೆಯಲ್ಲಿ ಅದನ್ನೇ ಸಾಕ್ಷಿ ಹೇಳುವರು. ಕೇಳಿದವರು ಕಣ್ಣೊರೆಸಿಕೊಳ್ಳುವರು.

ನುಚ್ಚು ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಗಂಡ ಕಣ್ಣು ಮುಚ್ಚಿದೊಡನೆ ಆಕೆ ಸೆರಗಿನಡಿ ಬುಟ್ಟಿ ಹಿಡಿದು ಹೊರಡುವಳು. ಒಂದು ದಿನ ನಮ್ಮ ಹಿತ್ತಲಿಗೆ, ಇನ್ನೊಂದು ದಿನ ಎದುರುಮನೆಯ ಅಜ್ಜಿಯ ಹಿತ್ತಲಿಗೆ. ಆ ಅಜ್ಜಿಯ ಬಾಯಿ ಬಿರುಸು, ಕೈ ಧಾರಾಳ.

"ಬಂದ್ಯಾ? ನಿಮ್ಮ ದೇವರು ಭಾಳ ಶ್ಯಾಣ್ಯಾ ಅದಾನ ಬಿಡವ್ವಾ. ತಾ ಮ್ಯಾಲ ಕುಂತು, ಕಾಳು ಹಾಕಾಕ ನನ್ನ ಹಚ್ಯಾನ!"

"ಹಚ್ಚಿದಾವ ಅವನ ಅಲ್ಲೇನ್ರೆವ್ವಾ?" ಎಂದು ಆಕೆ ನಗುವಳು.

"ಹಂಗಾದ್ರ ಒಂದಿನ ನನಗೂ ಸೂಟಿ ಕೊಡಾಕ ಹೇಳು."

ಆಕೆ ಇನ್ನೂ ನಗುವಳು. ನಂಬಿ ನಕ್ಕಳೋ, ಅವಮಾನ ನುಂಗಿ ನಕ್ಕಳೋ... ನನಗೆ ತಿಳಿಯುತ್ತಿರಲಿಲ್ಲ.

ಹೈದರಾಬಾದಿನಲ್ಲಿ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬಂದಿದ್ದೆ. ಒಂದು ಮಧ್ಯಾಹ್ನ ಉಪದೇಶಿಗಳು ತಮ್ಮ ಹಿತ್ತಲ ಕದದ ಕೀಲಿಗೆ ಕುಸುಬಿ ಎಣ್ಣೆ ಬಿಡುತ್ತಿದ್ದರು. ನನ್ನನ್ನು ಕಂಡು, "ಭಾಳ ಕಿರಗುಡತೈತಿ ತಂಗಿ. ಪ್ರಾರ್ಥನಿಗೆ ಕುಂತಾಗ ಮನಸ್ಸು ಚದರತೈತಿ" ಎಂದರು.

ಅಂದರೆ ಅವರಿಗೆ ಕೇಳಿಸುತ್ತಿತ್ತು. ಯಾರು ಹೊರಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ, ಎಲ್ಲ ಗೊತ್ತಿತ್ತು. ಕೇಳಿಸದಿರಲೆಂದು ಎಣ್ಣೆ ಹಚ್ಚುತ್ತಿದ್ದರು. ಆ ಬೆರಳುಗಳು ಜಿಡ್ಡಿನಿಂದ ಮಿನುಗುತ್ತಿದ್ದವು. ಅವು ಆಶೀರ್ವಾದಕ್ಕೆಂದು ನನ್ನ ತಲೆಯತ್ತ ಬಂದಾಗ ಹಿಂದೆ ಸರಿದೆ.

ಮಹಾಯುದ್ಧದ ವರ್ಷಗಳು ಅವು. ಸರ್ಕಾರ ಲೆವಿಯೆಂದು ಜೋಳ ಎತ್ತಿಕೊಂಡು ಹೋಗುತ್ತಿತ್ತು. ಎಲ್ಲರ ಕೈಯೂ ಬಿಗಿಯಾಯಿತು. ಆಕೆ ಆಗ ತುಂಬು ಬಸುರಿ. ಸಿಕ್ಕ ನುಚ್ಚು ಒಬ್ಬರಿಗಾಗುವಷ್ಟೇ. ಅದನ್ನು ಗಂಡನಿಗೆ ಬಡಿಸಿ ತಾನು ಮೇಲಿನ ತಿಳಿ ಕುಡಿಯುತ್ತಾಳೆಂದು ತಿಳಿದು ಅವ್ವ ಗದರಿದಳು.

"ಹೊಟ್ಟ್ಯಾಗ ಕೂಸು ಐತಿ. ನನ್ನ ಪಾಲಿಂದು ಕೊಡ್ತೀನಿ, ಗಡಿಗ್ಯಾಗ ಮುಚ್ಚಿಟ್ಕೊಂಡು ತಿನ್ನು. ಅವರಿಗೇನ ಗೊತ್ತಾಗತೈತಿ?"

"ಮುಚ್ಚಿಟ್ರ ಅವರ ವಿಶ್ವಾಸ ಸುಳ್ಳಾಗತೈತ್ರಿ ಅಕ್ಕಾರ."



ಆಮೇಲೆ ಆಕೆಗೆ ಜ್ವರ ಹತ್ತಿತು. ಜ್ವರದಲ್ಲೂ ಹೊರಟವಳು ಒಂದು ಬೆಳಿಗ್ಗೆ ನಮ್ಮ ಹಿತ್ತಲ ಗೋಡೆಗೆ ಕೈಯೂರಿ ಹಾಗೇ ಕುಸಿದಳು. ಅವ್ವನೂ ಎದುರುಮನೆಯ ಅಜ್ಜಿಯೂ ಒಳಗೆತ್ತಿ ತಂದರು. ನಾನು ಓಡಿ ಹೋಗಿ ಉಪದೇಶಿಗಳನ್ನು ಕರೆದೆ. ಅವರು ಕಣ್ಣು ತೆರೆಯಲಿಲ್ಲ. ಮತ್ತೆ ಕರೆದಾಗ, ಕಣ್ಣು ಮುಚ್ಚಿದಂತೆಯೇ, ತಡೆ ಎಂಬಂತೆ ಅಂಗೈ ಎತ್ತಿದರು. ಪ್ರಾರ್ಥನೆ ಮುಗಿದಿರಲಿಲ್ಲ.

ಸಂಜೆಯೊಳಗೆ ತಾಯಿ, ಕೂಸು ಇಬ್ಬರೂ ಹೋದರು.

ಮಣ್ಣು ಹಾಕುವ ಮುಂಚೆ ಉಪದೇಶಿಗಳು ಸಾಕ್ಷಿ ಹೇಳಿದರು. "ನಮ್ಮ ಸಂಸಾರದಾಗ ಒಂದು ದಿನಾನೂ ಕರ್ತ ನಮ್ಮನ್ನ ಉಪವಾಸ ಕೆಡವಲಿಲ್ಲ." ದೂರದಲ್ಲಿ ನಿಂತಿದ್ದ ಅಜ್ಜಿ ಕ್ಯಾಕರಿಸಿ ಉಗುಳಿದಳು. ನನಗೆ ಅದೂ ಆಗಲಿಲ್ಲ, ಬಾಯೆಲ್ಲ ಕಹಿಯಾಗಿತ್ತು.

ನಾನು ಈಗಲೂ ದೇವಾಲಯಕ್ಕೆ ಹೋಗುತ್ತೇನೆ. ಪ್ರಾರ್ಥನೆಯಲ್ಲಿ ಅಂದಂದಿನ ಆಹಾರವನ್ನು ಬೇಡುವ ಸಾಲು ಬಂದಾಗ ಮಾತ್ರ ನನ್ನ ತುಟಿಗಳು ನಿಲ್ಲುತ್ತವೆ. ದೇವರ ಮೇಲೆ ಸಿಟ್ಟಿಲ್ಲ. ನಂಬಿದವಳು ಆಕೆ, ಹಿತ್ತಲಿನಿಂದ ಹಿತ್ತಲಿಗೆ ನಡೆದು ನಂಬಿದಳು. ಕೂತವರು ಹೆಸರು ಪಡೆದರು. ಆ ನಗುವಿನ ಅರ್ಥವೇನೆಂದು ಈಗ ಕೇಳುವ ಧೈರ್ಯ ನನಗಿದೆ. ಹೇಳಲು ಆಕೆಯಿಲ್ಲ...

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಉಪದೇಶಿಗಳ ಮನೆಯಿಂದ ಮತ್ತೆ ಹೊಗೆ ಎದ್ದಿತು. ಅವ್ವ ಅದನ್ನು ನೋಡುತ್ತ ನಿಂತಳು. ಕೊನೆಗೆ ಬುಟ್ಟಿಗೆ ನುಚ್ಚು ಹಾಕಿ ನನ್ನ ಕೈಗಿತ್ತಳು. "ಹಿತ್ತಲದಿಂದ ಇಟ್ಟು ಬಾ. ಏನರ ಆಗಲಿ, ಹಸದ ಮನಷಾ."

ನಾನು ಓಣಿಯಿಂದ ಹೋಗಿ ಮುಂಬಾಗಿಲು ದಾಟಿದೆ. ಪಡಸಾಲೆಯಲ್ಲಿ ಅವರೆದುರು ಕುಳಿತು, ಅವರು ಕಣ್ಣು ತೆರೆಯುವವರೆಗೂ ಕಾದೆ. ತೆರೆದಾಗ, "ಇದು ನಮ್ಮ ಮನಿಯಿಂದ ಬಂದೈತ್ರಿ. ನಮ್ಮವ್ವ ಕೊಟ್ಟಾಳ" ಎಂದು ಹೇಳಿ, ಬುಟ್ಟಿಯನ್ನು ಅವರ ಕೈಗೇ ಕೊಟ್ಟೆ.